ಸರ್ವರ್‌ಗೆ ಹೊಸ ಕರ್ನಲ್ ಹಾಕಲಾ, ಹಳೇದೇ ಇರಲಾ?

ಹೋದ ಸಂಚಿಕೆಯಲ್ಲಿ ಬ್ಯಾಕಪ್ ಬಗ್ಗೆ ಬರೆಯುವಾಗ ಸುಮ್ನೆ ಒಂದು ಸಾಲು ಸೇರಿಸಿದ್ದೆ: "ಕೆಲಸದ ಸರ್ವರ್ ಮೇಲೆ ಪ್ರಯೋಗದ ಕರ್ನಲ್ ಹಾಕಬೇಡಿ." ಅದಕ್ಕೆ ಇಷ್ಟೊಂದು ಪತ್ರ ಬರುತ್ತದೆ ಅಂದುಕೊಂಡಿರಲಿಲ್ಲ. ಕೆಲವರು ಹೌದು ಅಂದಿದ್ದಾರೆ, ಕೆಲವರು ಚೆನ್ನಾಗಿ ಬೈದಿದ್ದಾರೆ. ಬೈದವರ ಪ್ರಶ್ನೆಗಳೇ ಜಾಸ್ತಿ ಚೆನ್ನಾಗಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಲಿನಕ್ಸ್ ಕರ್ನಲ್‌ಗೇ, ಅಂದರೆ ಹಾರ್ಡ್‌ವೇರ್‌ಗೂ ಪ್ರೋಗ್ರಾಮ್‌ಗಳಿಗೂ ನಡುವೆ ನಿಂತು ಮಷೀನ್ ನಡೆಸುವ ತಿರುಳಿಗೇ ಮೀಸಲು.

ಪ್ರಶ್ನೆ: ಸರ್, ನಮ್ಮ ಕಾಲೇಜಿನ ಸರ್ವರ್‌ನಲ್ಲಿ ಡೆಬಿಯನ್ 12 ಇದೆ, ಕರ್ನಲ್ 6.1. "ಏನ್ ಸಾರ್, 2022ರ ಕರ್ನಲ್ ಇಟ್ಕೊಂಡು ಕೂತಿದ್ದೀರಲ್ಲ" ಅಂತ ಹುಡುಗರು ನಗುತ್ತಾರೆ. ಕರ್ನಲ್ ಡಾಟ್ ಆರ್ಗ್‌ಗೆ ಹೋಗಿ ನೋಡಿದರೆ ಮೇನ್‌ಲೈನ್, ಸ್ಟೇಬಲ್, ಲಾಂಗ್‌ಟರ್ಮ್ ಅಂತ ಬೇರೆ ಬೇರೆ ಹೆಸರು. ಯಾವುದು ಹಾಕಲಿ?
(ಎಂಜಿನಿಯರಿಂಗ್ ಕಾಲೇಜಿನ ಸಿಸ್ಟಮ್ ಅಡ್ಮಿನ್, ಮೈಸೂರು)

ಉತ್ತರ: ಮೊದಲು ಆ ಹುಡುಗರಿಗೆ ಒಂದು ಕೆಲಸ ಕೊಡಿ. ಸರ್ವರ್‌ಗೆ ಲಾಗಿನ್ ಆಗಿ ‘ಯುನೇಮ್ ಮೈನಸ್ ಆರ್’ ಕೊಡಲಿ. 6.1.0 ಅಂತ ಶುರುವಾಗಿ, ಒಂದು ಅಡ್ಡಗೆರೆ, ಒಂದು ಅಂಕಿ, ಕೊನೆಗೆ ಎಎಂಡಿ64 ಅಂತ ಬರುತ್ತದೆ. ನೋಡಿದವರಿಗೆ "ಅಯ್ಯೋ, 6.1 ಬಂದ ದಿನದಿಂದ ಇದನ್ನು ಯಾರೂ ಮುಟ್ಟೇ ಇಲ್ಲ" ಅನಿಸುತ್ತದೆ. ಈಗ ‘ಯುನೇಮ್ ಮೈನಸ್ ವಿ’ ಕೊಡಲಿ. ಅಸಲಿ ಅಂಕಿ ಅಲ್ಲಿದೆ. ಉದಾಹರಣೆಗೆ, 2023ರ ಡಿಸೆಂಬರ್‌ನಲ್ಲಿ 6.1.0-15 ಅಂತ ತೋರಿಸುತ್ತಿದ್ದ ಡೆಬಿಯನ್ ಕರ್ನಲ್ ಒಳಗೆ ಇದ್ದದ್ದು 6.1.66. ಅಂದರೆ 6.1 ಬಂದ ಮೇಲೆ 66 ಸಲ ರಿಪೇರಿ ಆದದ್ದು. ಮೊದಲನೆಯದು ಬರೀ ಬಾಗಿಲ ಮೇಲಿನ ಬೋರ್ಡು. ಮಾಡ್ಯೂಲ್‌ಗಳು (ಕರ್ನಲ್‌ಗೆ ಬೇಕಾದಾಗ ಸೇರಿಸುವ ಡ್ರೈವರ್ ಥರದ ತುಂಡುಗಳು) ಹೊಂದಿಕೊಳ್ಳಲಿ ಅಂತ ಅದನ್ನು ಹಾಗೇ ಬಿಟ್ಟಿರುತ್ತಾರೆ.

ಇನ್ನು ಹೆಸರುಗಳು. ಮೇನ್‌ಲೈನ್ ಅಂದರೆ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರ ಕೈಯಲ್ಲಿರುವ ಮರ, ಅಂದರೆ ಮೂಲ ಕೋಡ್. ಎರಡು ವಾರ ಹೊಸದೆಲ್ಲ ಒಳಗೆ ಸೇರಿಸುತ್ತಾರೆ, ಆಮೇಲೆ ವಾರಕ್ಕೊಂದರಂತೆ ಆರ್‌ಸಿ1, ಆರ್‌ಸಿ2 ಅಂತ ಆರ್‌ಸಿ7 ಅಥವಾ 8ರ ತನಕ ಬರೀ ರಿಪೇರಿ (ಆರ್‌ಸಿ ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ). ಒಟ್ಟು 9-10 ವಾರಕ್ಕೆ ಒಂದು ಹೊಸ ಕರ್ನಲ್ ಹೊರಗೆ ಬರುತ್ತದೆ. ಅದು ಬಂದ ಮೇಲೆ ಸ್ಟೇಬಲ್ ತಂಡ ಕೈಗೆತ್ತಿಕೊಂಡು, ಮುಂದಿನದು ಬಂದು ಕೆಲವು ವಾರ ಆಗುವ ತನಕ ತೇಪೆ ಹಾಕುತ್ತದೆ. ಅದು ಸ್ಟೇಬಲ್. ವರ್ಷಕ್ಕೊಂದನ್ನು ಆರಿಸಿ ಕನಿಷ್ಠ 2 ವರ್ಷ, ಕೆಲವನ್ನು ಅದಕ್ಕಿಂತ ಎಷ್ಟೋ ಜಾಸ್ತಿ ಕಾಲ ನೋಡಿಕೊಳ್ಳುತ್ತಾರೆ. ಅದು ಲಾಂಗ್‌ಟರ್ಮ್. 5.10, 5.15, 6.1, 6.6, 6.12 ಎಲ್ಲ ಈ ಸಾಲಿನವು. ಲಿನಕ್ಸ್-ನೆಕ್ಸ್ಟ್ ಅಂತಲೂ ಒಂದಿದೆ, ಮುಂದಿನ ಕರ್ನಲ್‌ಗೆ ಬರಬೇಕಾದದ್ದನ್ನೆಲ್ಲ ಒಟ್ಟು ಸೇರಿಸಿ ನೋಡುವ ಜಾಗ. ಅದನ್ನು ಸರ್ವರ್‌ಗೆ ಹಾಕುವುದೆಂದರೆ ಬೀದಿಲಿ ಹೋಗೋ ಮಾರಿನ ಮನೆಗೆ ಕರೆದ ಹಾಗೆ.

ನೀವು ಈಗ ಇರುವುದು ಲಾಂಗ್‌ಟರ್ಮ್ ಮೇಲೆ, ಅದರ ಮೇಲೆ ಡೆಬಿಯನ್‌ನವರ ಕಾವಲೂ ಇದೆ. ಅಕ್ಕಿ ಅಂಗಡಿಗೆ ಹೋದರೆ ಹಳೇ ಅಕ್ಕಿಗೆ ಯಾಕೆ ಜಾಸ್ತಿ ದುಡ್ಡು ಕೊಡುತ್ತೇವೆ? ಹೊಸ ಅಕ್ಕಿ ಅನ್ನ ಮುದ್ದೆಯಾಗುತ್ತದೆ ಅಂತ ತಾನೇ. ಆದರೆ ಹಳೇ ಅಕ್ಕಿ ಬೇರೆ, ಹುಳ ಬಿದ್ದ ಅಕ್ಕಿ ಬೇರೆ. ಮೂಟೆಯನ್ನು ಯಾರಾದರೂ ಆಗಾಗ ಬಿಚ್ಚಿ, ಬಿಸಿಲಿಗೆ ಹಾಕಿ, ಆರಿಸುತ್ತಿರಬೇಕು. ಕರ್ನಲ್ ವಿಷಯದಲ್ಲಿ ನೀವು ಕೇಳಬೇಕಾದದ್ದೂ ಅಷ್ಟೇ: ಈ ಮೂಟೆಯನ್ನು ಆರಿಸುವವರು ಯಾರು, ಎಲ್ಲಿಯ ತನಕ ಆರಿಸುತ್ತಾರೆ? ಅದಕ್ಕೆ ಉತ್ತರ ಇದ್ದರೆ 6.1 ಆದರೇನು, 5.10 ಆದರೇನು. ಉತ್ತರ ಇಲ್ಲದಿದ್ದರೆ ಹೋದ ವಾರ ಬಂದ ಕರ್ನಲ್ ಕೂಡ ಮೂರು ತಿಂಗಳಿಗೆ ಅನಾಥ.

ಸ್ಟೇಬಲ್ ಕರ್ನಲ್‌ಗಳನ್ನು ಹೊರಗೆ ಬಿಡುವ ಗ್ರೆಗ್ ಕ್ರೋಆ-ಹಾರ್ಟ್‌ಮನ್ ಅವರೇ, ಯಾವ ಕರ್ನಲ್ ಬಳಸಬೇಕು ಅಂತ ಕೇಳಿದವರಿಗೆ ಮೊದಲು ಹೇಳುವುದು ನಿಮ್ಮ ಡಿಸ್ಟ್ರೋ (ಡೆಬಿಯನ್, ಉಬುಂಟು ಥರ ಕರ್ನಲ್ ಜೊತೆ ಉಳಿದದ್ದನ್ನೂ ಕಟ್ಟಿ ಕೊಡುವವರು) ಕೊಡುವ ಕರ್ನಲ್ ಅಂತ. ಡೆಬಿಯನ್ 13ಕ್ಕೆ ಹೋದ ದಿನ ನಿಮಗೆ 6.12 ತಾನಾಗಿ ಬರುತ್ತದೆ. ಹುಡುಗರು ಇನ್ನಷ್ಟು ದಿನ ನಗಲಿ ಬಿಡಿ.

ಪ್ರಶ್ನೆ: 6.1 ಬೆಸ ಸಂಖ್ಯೆ ಅಲ್ವಾ? ಬೆಸ ಸಂಖ್ಯೆ ಇದ್ದರೆ ಪ್ರಯೋಗದ ಕರ್ನಲ್, ಸರ್ವರ್‌ಗೆ ಹಾಕಬಾರದು ಅಂತ ನಮ್ಮ ಕಾಲದಲ್ಲಿ ಹೇಳಿಕೊಡುತ್ತಿದ್ದರು. ಈಗ ಆ ಲೆಕ್ಕ ಇಲ್ವಾ?
(ನಿವೃತ್ತ ಉಪನ್ಯಾಸಕರು, ಧಾರವಾಡ)

ಉತ್ತರ: ಸರ್, ನಿಮ್ಮ ಪತ್ರ ಓದಿ ಖುಷಿಯಾಯಿತು. ಆ ಲೆಕ್ಕ ಹೋಗಿ 20 ವರ್ಷದ ಮೇಲಾಯಿತು. ಆದರೂ ಅದು ಯಾಕೆ ಹೋಯಿತು ಅನ್ನುವುದು ಈಗಿನ ಹುಡುಗರಿಗೆ ಗೊತ್ತಿರಬೇಕು.

1994ರಲ್ಲಿ 1.0 ಬಂದ ಮೇಲೆ ಆ ಪದ್ಧತಿ ಶುರುವಾಯಿತು. ಎರಡನೇ ಅಂಕಿ ಸಮವಾದರೆ ಸ್ಥಿರ, ಬೆಸವಾದರೆ ಪ್ರಯೋಗ. 2.2, 2.4 ನಮ್ಮಂಥವರಿಗೆ, 2.3, 2.5 ಕರ್ನಲ್ ಬರೆಯುವವರಿಗೆ. ಕೇಳಲಿಕ್ಕೆ ಎಷ್ಟು ಚಂದ. ನಡೆದದ್ದು ಮಾತ್ರ ಬೇರೆ. 2.4 ಬಂದದ್ದು 2001ರ ಜನವರಿಯಲ್ಲಿ, 2.6 ಬಂದದ್ದು 2003ರ ಡಿಸೆಂಬರ್‌ನಲ್ಲಿ. ನಡುವೆ ಹತ್ತಿರ ಹತ್ತಿರ ಮೂರು ವರ್ಷ. ಅಷ್ಟು ಕಾಲ ಹೊಸ ಹಾರ್ಡ್‌ವೇರ್ ಕೊಂಡವರು ಕಾಯುತ್ತಾ ಕೂರಲಿಲ್ಲ, ಡಿಸ್ಟ್ರೋ ಕಂಪನಿಗಳು 2.5ರಲ್ಲಿದ್ದದ್ದನ್ನು ಕಿತ್ತು ತಂದು ತಮ್ಮ 2.4ಕ್ಕೆ ಅಂಟಿಸಿದವು. ಹೆಸರಿಗೆ ಎಲ್ಲರದ್ದೂ 2.4, ಒಳಗೆ ಒಬ್ಬರದ್ದು ಇನ್ನೊಬ್ಬರದ್ದರ ಹಾಗಿಲ್ಲ.

ಸಮ ಸಂಖ್ಯೆಯೇ ಆದರೂ ನೆಮ್ಮದಿ ಇತ್ತಾ ಅಂದರೆ ಅದೂ ಇಲ್ಲ. 2001ರ ಸೆಪ್ಟೆಂಬರ್‌ನಲ್ಲಿ, 2.4.10ರಲ್ಲಿ, ‘ಸ್ಥಿರ’ ಸಾಲಿನ ನಟ್ಟನಡುವೆ ಮೆಮೊರಿ ನೋಡಿಕೊಳ್ಳುವ ಭಾಗವನ್ನೇ ಕಿತ್ತು ಬೇರೆಯದು ಇಟ್ಟರು. ಅದರ ಮುಂದಿನ 2.4.11ಕ್ಕೆ ‘ಬಳಸಬೇಡಿ’ ಅಂತ ಹಣೆಪಟ್ಟಿಯೇ ಅಂಟಿಸಬೇಕಾಯಿತು. ಅದೇ ವರ್ಷ ನವೆಂಬರ್ 23ರಂದು 2.4.15 ಬಂತು, ಅದನ್ನೇ ನಕಲು ಮಾಡಿ 2.5.0 ಅಂತ ಹೆಸರಿಟ್ಟು ಪ್ರಯೋಗದ ಸಾಲನ್ನೂ ಅವತ್ತೇ ಶುರು ಮಾಡಿದರು. ಡಿಸ್ಕ್ ಅನ್‌ಮೌಂಟ್ ಮಾಡುವಾಗ ಫೈಲ್ ಸಿಸ್ಟಮ್ ಹಾಳಾಗುವ ಬಗ್ ಎರಡರಲ್ಲೂ ಇತ್ತು! ಸಮಕ್ಕೂ ಅದೇ ಬಗ್, ಬೆಸಕ್ಕೂ ಅದೇ ಬಗ್. ಮೂರು ದಿನದಲ್ಲಿ 2.4.16 ಬಂತು ಅನ್ನಿ.

2004ರ ಜುಲೈನಲ್ಲಿ ಒಟ್ಟಾವಾದಲ್ಲಿ ಕರ್ನಲ್ ಬರೆಯುವವರೆಲ್ಲ ಸೇರಿದಾಗ, ಇನ್ನು 2.7 ಅಂತ ಬೇರೆ ಸಾಲು ಬೇಡ, ಒಂದೇ ಮರದಲ್ಲಿ ಬೇಗ ಬೇಗ ಬಿಡುಗಡೆ ಮಾಡೋಣ ಅಂತ ತೀರ್ಮಾನಿಸಿದರು. ಸ್ಥಿರತೆ ಯಾರ ಜವಾಬ್ದಾರಿ ಅನ್ನುವ ಪ್ರಶ್ನೆಗೆ ಉತ್ತರವಾಗಿ 2005ರ ಮಾರ್ಚ್‌ನಲ್ಲಿ 2.6.11.1 ಬಂತು, ಈಗಿನ ಸ್ಟೇಬಲ್ ಸಾಲು ಹುಟ್ಟಿದ್ದು ಅಲ್ಲೇ. ಆಮೇಲೆ 3.0, 4.0, 5.0, 6.0 ಆದದ್ದಕ್ಕೆ ದೊಡ್ಡ ಕಾರಣ ಏನೂ ಇಲ್ಲ. ಅಂಕಿ ದೊಡ್ಡದಾಯಿತು, ಲಿನಸ್‌ಗೆ ಎಣಿಸಿ ಬೇಜಾರಾಯಿತು, ಅಷ್ಟೇ.

ಪ್ರಶ್ನೆ: ಅಂದರೆ ಸ್ಟೇಬಲ್ ಹಾಕಿದರೂ ಕೆಡಬಹುದು, ಪ್ರಯೋಗದ್ದು ಹಾಕಿದರೂ ಕೆಡಬಹುದು. ಹಾಗಿದ್ದ ಮೇಲೆ ಹೊಸದನ್ನೇ ಹಾಕಿಕೊಂಡರೆ ತಪ್ಪೇನು?
(ಓದುಗರು, ಹುಬ್ಬಳ್ಳಿ)

ಉತ್ತರ: ಈ ಪ್ರಶ್ನೆ ನನಗೆ ಇಷ್ಟವಾಯಿತು, ಯಾಕೆಂದರೆ ಇದರಲ್ಲಿ ಅರ್ಧ ಸತ್ಯ ಇದೆ. ಎರಡು ಘಟನೆ ಪಕ್ಕಪಕ್ಕ ಇಡುತ್ತೇನೆ.

ಒಂದು, 2021ರ ಮಾರ್ಚ್. 5.12-ಆರ್‌ಸಿ1 ಬಂದಿತ್ತು. ಅದರಲ್ಲಿ ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ) ಬಳಸುವವರಿಗೆ ಒಂದು ಭಯಂಕರ ಬಗ್. ಮೆಮೊರಿಯಿಂದ ಹೊರಗೆ ತಳ್ಳಿದ ಪುಟಗಳನ್ನು ಸ್ವಾಪ್ ಫೈಲ್ ಇರುವ ಜಾಗಕ್ಕೆ ಬರೆಯುವ ಬದಲು, ಆ ಪಾರ್ಟಿಷನ್‌ನಲ್ಲಿ ಎಲ್ಲೋ ಬರೆಯುತ್ತಿತ್ತು. ಅಲ್ಲಿ ನಿಮ್ಮ ಡೇಟಾ ಇತ್ತಾ? ಹೋಯಿತು. ಸ್ವಾಪ್‌ಗೆ ಬೇರೆ ಪಾರ್ಟಿಷನ್ ಇಟ್ಟವರಿಗೆ ಏನೂ ಆಗಲಿಲ್ಲ, ಅದಕ್ಕೇ ಅದು ಮೊದಲು ಕಣ್ಣಿಗೆ ಬೀಳಲಿಲ್ಲ. ಲಿನಸ್ ಆ ಆವೃತ್ತಿಯ ಹೆಸರಿನ ಕೊನೆಗೇ ‘ಡೋಂಟ್ ಯೂಸ್’ ಅಂತ ಸೇರಿಸಿ ಎಲ್ಲರಿಗೂ ಎಚ್ಚರಿಕೆ ಕೊಟ್ಟರು.

ಎರಡು, 2023ರ ಡಿಸೆಂಬರ್. ಈ ಸಲ ಪೆಟ್ಟು ಬಿದ್ದದ್ದು ಲಾಂಗ್‌ಟರ್ಮ್ 6.1ಕ್ಕೆ. ಮೇನ್‌ಲೈನ್‌ನಲ್ಲಿ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ಗೆ ಒಂದು ತಿದ್ದುಪಡಿ ಆಗಿತ್ತು. ಅದನ್ನು 6.1.64ಕ್ಕೆ ಹಿಂದಕ್ಕೆ ತಂದರು. ಆದರೆ ಆ ತಿದ್ದುಪಡಿ ಸರಿಯಾಗಿ ನಡೆಯಬೇಕಾದರೆ ಅದಕ್ಕೂ ಮುಂಚಿನ ಇನ್ನೊಂದು ಬದಲಾವಣೆ ಬೇಕಿತ್ತು, ಅದು 6.1ರಲ್ಲಿ ಇರಲಿಲ್ಲ. ಗೋಡೆ ಕಟ್ಟದೆ ಬಾಗಿಲು ತಂದು ನಿಲ್ಲಿಸಿದ ಹಾಗಾಯಿತು. ಕ್ಯಾಶೆ ಬಿಟ್ಟು ಡಿಸ್ಕ್‌ಗೆ ನೇರ ಬರೆಯುವ ಪ್ರೋಗ್ರಾಮ್‌ಗಳಲ್ಲಿ ಡೇಟಾ ಕೆಡುವ ಅಪಾಯ. ಡೇಟಾಬೇಸ್, ವರ್ಚುವಲ್ ಮಷೀನ್ ಇಟ್ಟವರ ಎದೆ ಧಸಕ್ ಅನ್ನುವಂಥದ್ದೇ. ಡೆಬಿಯನ್ 12.3 ಹೊರಗೆ ಬರಬೇಕಿದ್ದದ್ದು ಡಿಸೆಂಬರ್ 9ರ ಶನಿವಾರ. ಅದನ್ನು ತಡೆದು, ಜನರಿಗೆ ‘ಇವತ್ತು ಅಪ್‌ಗ್ರೇಡ್ ಮಾಡಬೇಡಿ’ ಅಂತ ಹೇಳಿ, 6.1.66 ಹಾಕಿ ಮರುದಿನ ನೇರವಾಗಿ 12.4 ಅಂತ ಬಿಟ್ಟರು.

ಈಗ ನೀವೇ ನೋಡಿ. ಮೊದಲನೆಯದು ಆರ್‌ಸಿ1. ಅದರಲ್ಲಿ ಡೇಟಾ ಕಳೆದುಕೊಂಡವರು ಯಾರ ಹತ್ತಿರ ಹೋಗಿ ದೂರಬೇಕು? ಪರೀಕ್ಷೆ ಮಾಡಿ ನೋಡಿ ಅಂತಲೇ ಕೊಟ್ಟದ್ದು, ಪರೀಕ್ಷೆ ಆಯಿತು. ಎರಡನೆಯದರಲ್ಲಿ ಅಪ್‌ಗ್ರೇಡ್ ನಿಲ್ಲಿಸುವ ಅಧಿಕಾರ ಇರುವವರು ಒಬ್ಬರಿದ್ದರು, ಅವರು ನಿಲ್ಲಿಸಿದರು, ಎಲ್ಲರಿಗೂ ಹೇಳಿದರು, ಒಂದು ದಿನದಲ್ಲಿ ಸರಿ ಮಾಡಿಕೊಟ್ಟರು. ಸ್ಟೇಬಲ್ ಅಂದರೆ ಬಗ್ ಇಲ್ಲ ಅಂತ ಅಲ್ಲ. ನೀವು ಬೀಳುವ ಗುಂಡಿಗೆ ನಿಮಗಿಂತ ಮುಂಚೆ ಸಾವಿರ ಜನ ಬಿದ್ದಿರುತ್ತಾರೆ ಅಂತ. (ಕ್ರೂರ ಅನಿಸಿದರೆ ಕ್ಷಮಿಸಿ, ನಾನೂ ಆ ಸಾವಿರದಲ್ಲಿ ಒಬ್ಬನಾಗಿದ್ದೇನೆ.)

ನಾನು ಮಾಡುವುದು ಇಷ್ಟು. ಹೊಸ ಕರ್ನಲ್ ಪ್ಯಾಕೇಜ್ ಬಂದ ದಿನವೇ ಪರೀಕ್ಷೆಯ ಮಷೀನ್‌ಗೆ ಹಾಕುತ್ತೇನೆ. ಕೆಲಸದ ಸರ್ವರ್‌ಗಳಿಗೆ ನಾಲ್ಕೈದು ದಿನ ಬಿಟ್ಟು, ಅದೂ ಮೊದಲು ಒಂದಕ್ಕೆ. ತಾಳಿದವನು ಬಾಳಿಯಾನು ಅಂತ ಗಾದೆ ಸುಮ್ನೆ ಹುಟ್ಟಿಲ್ಲ. ದಾಳಿ ಆಗಲೇ ನಡೆಯುತ್ತಿರುವ ಭದ್ರತಾ ದೋಷ ಇದ್ದರೆ ಮಾತ್ರ ಆ ನಾಲ್ಕೈದು ದಿನ ನಾಲ್ಕೈದು ಗಂಟೆಗೆ ಇಳಿಯುತ್ತದೆ.

ಪ್ರಶ್ನೆ: ನಮ್ಮ ಕಂಪನಿಗೆ ಆಡಿಟ್ ಮಾಡಲು ಬಂದವರು ಸ್ಕ್ಯಾನರ್ ಓಡಿಸಿ, "ನಿಮ್ಮ ಕರ್ನಲ್ 4.18, ಇದು 2018ರದ್ದು, ಸಪೋರ್ಟ್ ಮುಗಿದಿದೆ, 6ರ ಸಾಲಿಗೆ ಹೋಗಿ" ಅಂತ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದಾರೆ. ಮ್ಯಾನೇಜರ್ ಗಾಬರಿಯಾಗಿದ್ದಾರೆ. ಸರ್ವರ್‌ನಲ್ಲಿ ಇರುವುದು ರಾಕಿ ಲಿನಕ್ಸ್ 8. ಏನು ಮಾಡಲಿ?
(ಹೆಸರು ಬೇಡ ಅಂದವರು, ಬೆಂಗಳೂರು)

ಉತ್ತರ: ಮ್ಯಾನೇಜರ್‌ಗೆ ಒಂದು ಕಾಫಿ ಕುಡಿಸಿ. ಆಮೇಲೆ ಇದನ್ನು ತೋರಿಸಿ.

ಕರ್ನಲ್ ಡಾಟ್ ಆರ್ಗ್‌ನ ಲೆಕ್ಕದಲ್ಲಿ 4.18 ನಿಜವಾಗಿಯೂ 2018ರಲ್ಲೇ ಮುಗಿಯಿತು. ಅದು ಲಾಂಗ್‌ಟರ್ಮ್ ಕೂಡ ಅಲ್ಲ. ಆದರೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ಕ್ಕೆ ಅದನ್ನೇ ತಳಪಾಯ ಮಾಡಿಕೊಂಡು, ಹೊಸ ಕರ್ನಲ್‌ಗಳಿಂದ ಭದ್ರತೆಯ ತಿದ್ದುಪಡಿ, ಡ್ರೈವರ್ ಎಲ್ಲ ಹಿಂದಕ್ಕೆ ತಂದು ಅದರಲ್ಲೇ ಕೂರಿಸುತ್ತಾ ಬಂದಿದ್ದಾರೆ. ಇದಕ್ಕೇ ಬ್ಯಾಕ್‌ಪೋರ್ಟ್ ಅನ್ನುವುದು. ರಾಕಿ, ಆಲ್ಮಾ ಎಲ್ಲ ಅದರ ಜೊತೆಗೇ ಹೆಜ್ಜೆ ಹಾಕುತ್ತವೆ. ರೆಡ್ ಹ್ಯಾಟ್ 9ಕ್ಕೆ 5.14, 10ಕ್ಕೆ 6.12, ಕಥೆ ಅದೇ. ಉಬುಂಟು 24.04ರ 6.8 ಕೂಡ ಕರ್ನಲ್ ಡಾಟ್ ಆರ್ಗ್‌ನ ಲಾಂಗ್‌ಟರ್ಮ್ ಪಟ್ಟಿಯಲ್ಲಿ ಇಲ್ಲ, ಅದನ್ನು ಉಬುಂಟು ಮಾಡುವ ಕೆನಾನಿಕಲ್ ಕಂಪನಿಯವರೇ ನೋಡಿಕೊಳ್ಳುತ್ತಾರೆ. ಮನೆ ಹೊರಗಿನ ಬಣ್ಣ 1970ರದ್ದು, ಒಳಗೆ ವೈರಿಂಗ್, ಪೈಪು ಎಲ್ಲ ಹೋದ ವರ್ಷದ್ದು. ಸ್ಕ್ಯಾನರ್ ರಸ್ತೆಯಲ್ಲಿ ನಿಂತು ಬಣ್ಣ ನೋಡಿ ಹೋಗಿದೆ.

ಸಾಕ್ಷಿ ಬೇಕಲ್ಲ? ‘ಆರ್‌ಪಿಎಂ ಮೈನಸ್ ಕ್ಯೂ ಮೈನಸ್ ಮೈನಸ್ ಚೇಂಜ್‌ಲಾಗ್ ಕರ್ನಲ್’ ಅಂತ ಹೊಡೆದು, ಬಂದದ್ದರಲ್ಲಿ ಸಿವಿಇ (ಭದ್ರತಾ ದೋಷಗಳಿಗೆ ಕೊಡುವ ಗುರುತಿನ ನಂಬರ್) ಅಂತ ಹುಡುಕಿ. ಯಾವ ದೋಷಕ್ಕೆ ಯಾವ ಆವೃತ್ತಿಯಲ್ಲಿ ತೇಪೆ ಬಿತ್ತು ಅಂತ ಉದ್ದಕ್ಕೆ ಪಟ್ಟಿ ಬರುತ್ತದೆ. ಆಡಿಟ್‌ನವರು ಕೊಟ್ಟ ಸಿವಿಇ ನಂಬರ್‌ಗಳನ್ನು ಅದರೊಂದಿಗೆ ಹೊಂದಿಸಿ, ಹೊಂದದೇ ಉಳಿದವನ್ನು ರೆಡ್ ಹ್ಯಾಟ್ ಅಥವಾ ರಾಕಿಯ ಭದ್ರತಾ ಪುಟದಲ್ಲಿ ನೋಡಿ ಬರೆದುಕೊಡಿ. ಒಂದು ದಿನದ ಕೆಲಸ, ಬೇಜಾರಿನ ಕೆಲಸ, ಆದರೆ ಕರ್ನಲ್ ಬದಲಿಸುವುದಕ್ಕಿಂತ ಸಾವಿರ ಪಾಲು ವಾಸಿ. ಇನ್ನೊಂದು ಮಾತು, 2024ರ ಫೆಬ್ರವರಿಯಿಂದ ಸಿವಿಇ ನಂಬರ್ ಕೊಡುವ ಅಧಿಕಾರ ಕರ್ನಲ್ ತಂಡಕ್ಕೇ ಸಿಕ್ಕಿದೆ, ಅವರು ಸಣ್ಣಪುಟ್ಟ ತಿದ್ದುಪಡಿಗೂ ನಂಬರ್ ಕೊಡುವುದರಿಂದ ಸಾವಿರಗಟ್ಟಲೆ ಆಗಿವೆ. ಸ್ಕ್ಯಾನರ್ ವರದಿ ದಪ್ಪಗಿದ್ದರೆ ಹೆದರಬೇಡಿ.

ಹೊಸ ಅಂಕಿ ಇದ್ದರೆ ಭದ್ರ ಅನ್ನುವುದು ಎಷ್ಟು ಪೊಳ್ಳು ಅಂತ ನೋಡಲು 2022ರ ಡರ್ಟಿ ಪೈಪ್ ಸಾಕು. ಸಾಮಾನ್ಯ ಬಳಕೆದಾರ ರೂಟ್ (ಮಷೀನ್‌ನ ಪೂರ್ತಿ ಅಧಿಕಾರ ಇರುವವನು) ಆಗಿಬಿಡಬಹುದಾದ ದೋಷ ಅದು, ದಾಳಿಗೆ ದಾರಿ ತೆರೆದದ್ದು 5.8ರಲ್ಲಿ. ಅದಕ್ಕಿಂತ ಹಳೇ ಮೇನ್‌ಲೈನ್ ಕರ್ನಲ್ ಇಟ್ಟವರಿಗೆ ಆ ದಾಳಿ ತಟ್ಟಲೇ ಇಲ್ಲ. ಹಾಗಂತ ಹಳೇದೇ ಭದ್ರ ಅಂತಲೂ ಬೀಗಬೇಡಿ. 2016ರಲ್ಲಿ ಸಿಕ್ಕಿಬಿದ್ದ ಡರ್ಟಿ ಕೌ 2007ರ 2.6.22ರಿಂದ ಒಂಬತ್ತು ವರ್ಷ ತಣ್ಣಗೆ ಕೂತಿತ್ತು.

ಪ್ರಶ್ನೆ: 900 ದಿನ ಅಪ್‌ಟೈಮ್ ಆಗಿದೆ ಸರ್, ಒಮ್ಮೆಯೂ ರೀಬೂಟ್ ಮಾಡಿಲ್ಲ. ಇದಕ್ಕಿಂತ ಸ್ಟೇಬಲ್ ಬೇಕಾ?
(ಓದುಗರು, ಬೆಳಗಾವಿ)

ಉತ್ತರ: ಅಪ್‌ಡೇಟ್ ಡಿಸ್ಕ್‌ಗೆ ಇಳಿದರೆ ಸಾಲದು, ರೀಬೂಟ್ ಆಗುವ ತನಕ ಓಡುವುದು ಹಳೇ ಕರ್ನಲ್ಲೇ. ಲೈವ್‌ಪ್ಯಾಚ್ (ರೀಬೂಟ್ ಇಲ್ಲದೇ ಓಡುವ ಕರ್ನಲ್‌ಗೇ ಹಾಕುವ ತೇಪೆ) ಹಾಕದೇ 900 ದಿನ ಅಂದರೆ 900 ದಿನದ ತೂತು. ಅದೂ ಅಲ್ಲದೆ ಆ ಮಷೀನ್ ಈಗ ಆಫ್ ಮಾಡಿದರೆ ಮತ್ತೆ ಆನ್ ಆಗುತ್ತದೆ ಅಂತ ನಿಮಗೆ ಧೈರ್ಯ ಇದೆಯಾ? ಕರೆಂಟ್ ಹೋಗುವ ಮುಂಚೆ ನೀವೇ ಒಂದು ಭಾನುವಾರ ನೋಡಿಕೊಳ್ಳಿ.

ಪ್ರಶ್ನೆ: ಹೊಸ ಸರ್ವರ್ ತಂದಿದ್ದೇವೆ. ಡೆಬಿಯನ್ 12 ಹಾಕಿದರೆ ನೆಟ್‌ವರ್ಕ್ ಕಾರ್ಡೇ ಕಾಣಿಸುತ್ತಿಲ್ಲ. ನೀವು ಹೊಸ ಕರ್ನಲ್ ಬೇಡ ಅನ್ನುತ್ತೀರಿ. ಸರ್ವರ್ ವಾಪಸ್ ಕೊಡಲಾ?
(ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುವವರು, ಮಂಗಳೂರು)

ಉತ್ತರ: ಬೇಡ ಮೇಡಂ, ಇದು ಸರಿಯಾದ ಕಾರಣ. ನಾನು ಬೇಡ ಅನ್ನುವುದು ಕಾರಣ ಇಲ್ಲದ ಹೊಸದನ್ನು. ಕಾರ್ಡ್‌ಗೆ 6.1ರಲ್ಲಿ ಡ್ರೈವರ್ ಇಲ್ಲ ಅಂದರೆ ಹೊಸ ಕರ್ನಲ್ ಬೇಕೇ ಬೇಕು, ಚರ್ಚೆ ಇಲ್ಲ.

ಆದರೆ ಮೊದಲು ‘ಎಲ್‌ಎಸ್‌ಪಿಸಿಐ ಮೈನಸ್ ಎನ್‌ಎನ್‌ಕೆ’ ಕೊಟ್ಟು ನೋಡಿ. ಕಾರ್ಡ್‌ನ ಸಾಲು ಇದ್ದು, ಅದರ ಕೆಳಗೆ ಯಾವ ಡ್ರೈವರ್ ಅಂತ ಏನೂ ಬರದಿದ್ದರೆ ಕರ್ನಲ್ ಹಳೇದಿರಬಹುದು. ಡ್ರೈವರ್ ಹೆಸರು ಬಂದೂ ಕೆಲಸ ಮಾಡದಿದ್ದರೆ ಎಷ್ಟೋ ಸಲ ಫರ್ಮ್‌ವೇರ್ ಫೈಲ್ ಇಲ್ಲದ್ದೇ ಕಾರಣ. ಅದಕ್ಕೆ ಕರ್ನಲ್ ಬದಲಿಸುವುದು ಬೇಡ, ಫರ್ಮ್‌ವೇರ್ ಪ್ಯಾಕೇಜ್ ಹಾಕಿದರೆ ಸಾಕು.

ಕರ್ನಲ್ಲೇ ಬೇಕು ಅಂತಾದರೆ ನೇರ ಡೆಬಿಯನ್ 13 ಹಾಕಿ, ಹೊಸ ಮಷೀನ್ ತಾನೇ. ಅದು ಆಗದಿದ್ದರೆ ಡೆಬಿಯನ್‌ನ ಬ್ಯಾಕ್‌ಪೋರ್ಟ್ಸ್‌ನಿಂದ ಬರೀ ಕರ್ನಲ್ ಮಾತ್ರ ಎತ್ತಿಕೊಳ್ಳಬಹುದು. ಉಬುಂಟು ಬಳಸುವವರಿಗೆ ಇದಕ್ಕೆಂದೇ ಎಚ್‌ಡಬ್ಲ್ಯೂಇ ಅಂತ ಬೇರೆ ಕರ್ನಲ್ ಸಾಲಿದೆ, 24.04 ಶುರುವಾದದ್ದು 6.8ರಿಂದ, ಎಚ್‌ಡಬ್ಲ್ಯೂಇ ಹಾಕಿದವರಿಗೆ 24.04.2ರ ಹೊತ್ತಿಗೆ 6.11, 24.04.3ರ ಹೊತ್ತಿಗೆ 6.14 ಬಂತು. ಮೂಲ ಕೋಡ್ ಇಳಿಸಿ ನೀವೇ ಕಂಪೈಲ್ ಮಾಡಲು ಮಾತ್ರ ಹೋಗಬೇಡಿ. ಕಂಪೈಲ್ ಕಷ್ಟ ಅಂತ ಅಲ್ಲ, ಒಂದು ಸಂಜೆಯಲ್ಲಿ ಆಗಿಬಿಡುತ್ತದೆ. ಆದರೆ ಅವತ್ತಿನಿಂದ ಪ್ರತಿ ತೇಪೆಯನ್ನೂ ನೋಡಿ ಮತ್ತೆ ಕಂಪೈಲ್ ಮಾಡುವ ನೌಕರಿ ನಿಮ್ಮದು, ಅದಕ್ಕೆ ಸಂಬಳ ಇಲ್ಲ. ಇನ್ನೊಂದು ಎಚ್ಚರ: ಜ಼ಡ್‌ಎಫ್‌ಎಸ್, ಎನ್‌ವಿಡಿಯಾ ಡ್ರೈವರ್ ಥರದ ಹೊರಗಿನ ಮಾಡ್ಯೂಲ್ ಇದ್ದರೆ, ಹೊಸ ಕರ್ನಲ್‌ಗೆ ಅವು ಇನ್ನೂ ಹೊಂದಿಕೊಂಡಿರದೇ ಇರಬಹುದು. ಆಗ ಕರ್ನಲ್ ಏಳುತ್ತದೆ, ಡಿಸ್ಕ್ ಏಳುವುದಿಲ್ಲ.

ಪ್ರಶ್ನೆ: ಬ್ಯಾಕಪ್ ಸರ್ವರ್‌ಗೆ ಬಿಕ್ಯಾಶ್‌ಎಫ್‌ಎಸ್ ಫೈಲ್ ಸಿಸ್ಟಮ್ ಹಾಕೋಣ ಅಂತ ಇದ್ದೇನೆ. ಕರ್ನಲ್ ಒಳಗೇ ಬಂದಿದೆಯಲ್ಲ, ಇನ್ನೇನು ಭಯ?
(ಓದುಗರು, ಡಬ್ಲಿನ್, ಮೂಲ ಶಿವಮೊಗ್ಗ)

ಉತ್ತರ: ಒಳಗೆ ಬಂದದ್ದು ನಿಜ, ಹೊರಗೆ ಹೋದದ್ದು ನಿಮಗೆ ಗೊತ್ತಾಗಿಲ್ಲ. 2024ರ ಜನವರಿಯ 6.7ರಲ್ಲಿ ಅದು ಕರ್ನಲ್ ಸೇರಿತು, ‘ಎಕ್ಸ್‌ಪೆರಿಮೆಂಟಲ್’ ಅನ್ನುವ ಹಣೆಪಟ್ಟಿ ಜೊತೆಗೆ. ಆರ್‌ಸಿ ಹಂತದಲ್ಲಿ ಬರೀ ರಿಪೇರಿ ಕಳಿಸಬೇಕು ಅನ್ನುವ ನಿಯಮದ ಮೇಲೆ ಅದರ ಲೇಖಕರಿಗೂ ಲಿನಸ್‌ಗೂ ಹಲವು ಸಲ ಜಟಾಪಟಿ ಆಯಿತು. 6.17ರಲ್ಲಿ ‘ಹೊರಗಿನವರು ನೋಡಿಕೊಳ್ಳುತ್ತಾರೆ’ ಅಂತ ಗುರುತು ಹಾಕಿದರು, 2025ರ ಕೊನೆಗೆ ಬಂದ 6.18ರಲ್ಲಿ ಕೋಡನ್ನೇ ತೆಗೆದರು. ಈಗ ಬೇಕಾದವರು ಬೇರೆ ಮಾಡ್ಯೂಲ್ ಆಗಿ ಹಾಕಿಕೊಳ್ಳಬೇಕು. ಫೈಲ್ ಸಿಸ್ಟಮ್ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಪ್ರಯೋಗ ಅಂತ ಬರೆದದ್ದನ್ನು ಯಾವಾಗ ಬೇಕಾದರೂ ವಾಪಸ್ ತೆಗೆದುಕೊಳ್ಳಬಹುದು, ಅದಕ್ಕೇ ಹಾಗೆ ಬರೆದಿರುತ್ತಾರೆ. ನಿಮ್ಮ ಬ್ಯಾಕಪ್ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಮೇಲೆ ಇರಲಿ. ಬ್ಯಾಕಪ್ ಮೇಲೆ ಯಾರಾದರೂ ಪ್ರಯೋಗ ಮಾಡುತ್ತಾರಾ ಮಾರಾಯ್ರೆ!

ಪ್ರಶ್ನೆ: ನಮ್ಮ ಸರ್ವರ್ ಮುಂಬೈನ ಡೇಟಾ ಸೆಂಟರ್‌ನಲ್ಲಿದೆ, ನಾನಿರುವುದು ದಾವಣಗೆರೆಯಲ್ಲಿ. ಹೊಸ ಕರ್ನಲ್ ಹಾಕಿ ರೀಬೂಟ್ ಕೊಟ್ಟ ಮೇಲೆ ಪಿಂಗ್ ವಾಪಸ್ ಬರುವ ತನಕ ಉಸಿರೇ ನಿಂತಿರುತ್ತದೆ. ಏನಾದರೂ ಉಪಾಯ ಇದೆಯಾ?
(ಓದುಗರು, ದಾವಣಗೆರೆ)

ಉತ್ತರ: ಆ ಎರಡು ನಿಮಿಷ ಎಷ್ಟು ಉದ್ದ ಅಂತ ನನಗೆ ಗೊತ್ತು. ಒಮ್ಮೆ ನನ್ನದು ಆರು ಗಂಟೆ ಆಗಿತ್ತು.

ಆಗ ನಾನು ಒಂದು ಕಂಪನಿಯಲ್ಲಿ ರಾತ್ರಿ ಪಾಳಿ ನೋಡುತ್ತಿದ್ದೆ. ಕರ್ನಲ್ ಅಪ್‌ಡೇಟ್ ಓಡಿಸಿದೆ, ಪರದೆ ಮೇಲೆ ಉದ್ದಕ್ಕೆ ಏನೇನೋ ಹರಿಯಿತು, ಕೊನೆಯ ಸಾಲು ಮಾತ್ರ ನೋಡಿ ರೀಬೂಟ್ ಕೊಟ್ಟೆ. ಪಿಂಗ್ ಬರಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ರಾತ್ರಿ 2 ಗಂಟೆಗೆ ಬೈಕ್ ಹತ್ತಿ ವೈಟ್‌ಫೀಲ್ಡ್‌ಗೆ ಹೋದೆ. ಸೆಕ್ಯುರಿಟಿಯವರು ರಿಜಿಸ್ಟರ್‌ನಲ್ಲಿ ಹೆಸರು ಬರೆಸಿಕೊಂಡು, ಪಾಸ್ ಇಲ್ಲ ಅಂತ ಮತ್ತೆ ಅರ್ಧ ಗಂಟೆ ಕೂರಿಸಿದರು. ಒಳಗೆ ಹೋಗಿ ತಳ್ಳುಗಾಡಿ ಮೇಲಿನ ಮಾನಿಟರ್ ಎಳೆದು ತಂದು ಸಿಕ್ಕಿಸಿದರೆ ಪರದೆ ತುಂಬ ಕರ್ನಲ್ ಪ್ಯಾನಿಕ್, ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’. ಕಾರಣ? ಬೂಟ್ ಪಾರ್ಟಿಷನ್ 200 ಎಂಬಿ, ಅದರಲ್ಲಿ ಆರು ಹಳೇ ಕರ್ನಲ್ ತುಂಬಿಕೊಂಡಿದ್ದವು. ಹೊಸದರ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ರೂಟ್ ಡಿಸ್ಕ್ ಹುಡುಕಿಕೊಡುವ ಪುಟ್ಟ ಫೈಲ್ ಕಟ್ಟು) ಬರೆಯಲು ಜಾಗ ಸಾಲದೆ ಅರ್ಧಕ್ಕೆ ನಿಂತಿತ್ತು. ‘ಜಾಗ ಇಲ್ಲ’ ಅನ್ನುವ ಸಾಲು ನನ್ನ ಕಣ್ಣೆದುರೇ ಹರಿದು ಹೋಗಿತ್ತು! ಮೆನುವಿನಲ್ಲಿ ಹಿಂದಿನ ಕರ್ನಲ್ ಆರಿಸಿದೆ, ಎದ್ದು ಕೂತಿತು. ಕಡೆಗೂ ಹಳೇ ಗಂಡನ ಪಾದವೇ ಗತಿ. ಮನೆಗೆ ಬರುವಷ್ಟರಲ್ಲಿ ಹಾಲಿನವನು ಬಂದಿದ್ದ.

ಅದಕ್ಕೇ ಮೊದಲ ಕೆಲಸ, ರೀಬೂಟ್‌ಗೆ ಮುಂಚೆ ಬೂಟ್ ಪಾರ್ಟಿಷನ್‌ನಲ್ಲಿ ಜಾಗ ಎಷ್ಟಿದೆ, ಹೊಸ ಇನಿಟ್‌ರಾಮ್‌ಎಫ್‌ಎಸ್ ಫೈಲ್‌ನ ಗಾತ್ರ ಹಳೇದಕ್ಕೆ ಹತ್ತಿರ ಇದೆಯಾ ಅಂತ ನೋಡುವುದು. ಹತ್ತು ಸೆಕೆಂಡ್ ಸಾಕು.

ಆಮೇಲೆ ಗ್ರಬ್‌ನ, ಅಂದರೆ ಯಾವ ಕರ್ನಲ್ ಎಬ್ಬಿಸಬೇಕು ಅಂತ ಆರಿಸುವ ಬೂಟ್ ಮೆನುವಿನ ಉಪಾಯ. ಗ್ರಬ್ ಸಂರಚನೆಯಲ್ಲಿ ಡಿಫಾಲ್ಟ್ ಅನ್ನು ‘ಸೇವ್ಡ್’ ಅಂತ ಮಾಡಿ, ಗ್ರಬ್ ಅಪ್‌ಡೇಟ್ ಮಾಡಿ, ‘ಗ್ರಬ್-ಸೆಟ್-ಡಿಫಾಲ್ಟ್’ನಿಂದ ಈಗ ಚೆನ್ನಾಗಿ ಓಡುತ್ತಿರುವ ಕರ್ನಲ್ ಅನ್ನೇ ಡಿಫಾಲ್ಟ್ ಆಗಿಡಿ. ಹೊಸ ಕರ್ನಲ್‌ಗೆ ‘ಗ್ರಬ್-ರೀಬೂಟ್’ ಬಳಸಿ. ಅದು ಮುಂದಿನ ಒಂದೇ ಒಂದು ಸಲಕ್ಕೆ ಮಾತ್ರ ಹೊಸದನ್ನು ಎಬ್ಬಿಸುತ್ತದೆ. ಕರ್ನಲ್ ಸಾಲಿಗೆ ‘ಪ್ಯಾನಿಕ್=30’ ಸೇರಿಸಿ. ಪ್ಯಾನಿಕ್ ಆದರೆ 30 ಸೆಕೆಂಡಿಗೆ ತಾನೇ ರೀಬೂಟ್ ಆಗಿ ಹಳೇ ಕರ್ನಲ್‌ಗೆ ವಾಪಸ್ ಬರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ರೂಟ್ ಡಿಸ್ಕ್ ಸಿಗದೇ ಹೋದಾಗಲೂ, ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್‌ನಲ್ಲಿ ಸುಮ್ನೆ ನಿಂತುಬಿಡುವ ಬದಲು ಇದೇ ಸಾಲು ನೋಡಿ ರೀಬೂಟ್ ಆಗುತ್ತದೆ.

ಪ್ಯಾನಿಕ್ ಆಗದೇ ಬರೀ ನೆಟ್‌ವರ್ಕ್ ಕೈಕೊಟ್ಟರೆ? ಅದಕ್ಕೆ ಹಳೇ ಅಡ್ಮಿನ್‌ಗಳ ಉಪಾಯ ಒಂದಿದೆ. ಬೂಟ್ ಆದ ಕೂಡಲೇ ‘15 ನಿಮಿಷಕ್ಕೆ ರೀಬೂಟ್’ ಅಂತ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ಪ್ರೋಗ್ರಾಮ್) ಹಾಕಿಡಿ. ನೀವು ಲಾಗಿನ್ ಆಗಲು ಆದರೆ ‘ಶಟ್‌ಡೌನ್ ಮೈನಸ್ ಸಿ’ ಕೊಟ್ಟು ರದ್ದು ಮಾಡುತ್ತೀರಿ, ಆಗದಿದ್ದರೆ 15 ನಿಮಿಷಕ್ಕೆ ಅದೇ ಬಿದ್ದು ಹಳೇದಕ್ಕೆ ಏಳುತ್ತದೆ. ಎಲ್ಲ ಸರಿಯಾದ ಮೇಲೆ ಆ ಕ್ರಾನ್ ಸಾಲು ಅಳಿಸಲು ಮರೆಯಬೇಡಿ. ಮರೆತವರನ್ನು ನೋಡಿದ್ದೇನೆ.

ಇದರಲ್ಲಿ ಒಂದು ಮೋಸ ಇದೆ. ಬೂಟ್ ಪಾರ್ಟಿಷನ್ ಎಲ್‌ವಿಎಂ ಅಥವಾ ಸಾಫ್ಟ್‌ವೇರ್ ರೇಡ್ (ಡಿಸ್ಕ್‌ಗಳನ್ನು ಸಾಫ್ಟ್‌ವೇರ್‌ನಿಂದ ಒಟ್ಟುಗೂಡಿಸುವ ವಿಧಾನಗಳು) ಮೇಲಿದ್ದರೆ ಗ್ರಬ್ ಅದನ್ನು ಓದುತ್ತದೆ, ಅದಕ್ಕೆ ಬರೆಯಲಾರದು. ‘ಒಂದು ಸಲ’ ಅನ್ನುವ ಗುರುತನ್ನು ಅಳಿಸಲು ಆಗುವುದಿಲ್ಲ, ಹಾಗಾಗಿ ಪ್ರತಿ ಸಲ ಹೊಸದಕ್ಕೇ ಹೋಗಿ ಬೀಳುತ್ತಲೇ ಇರುತ್ತದೆ. ಮೊದಲು ಮನೆಯ ಮಷೀನ್ ಮೇಲೆ ಒಮ್ಮೆ ಆಡಿಸಿ ನೋಡಿ. ಎಲ್ಲಕ್ಕಿಂತ ದೊಡ್ಡದು, ಸರ್ವರ್‌ಗೆ ಐಪಿಎಂಐ ಥರದ ದೂರದ ಕನ್ಸೋಲ್ ಇದ್ದರೆ ಅದರ ಪಾಸ್‌ವರ್ಡ್ ಇವತ್ತೇ ಹುಡುಕಿಟ್ಟುಕೊಳ್ಳಿ, ಬೇಕಾದ ದಿನ ಸಿಗುವುದಿಲ್ಲ.

ಪ್ರಶ್ನೆ: ಸರ್, ನಾನು ಬಿಇ ಮೂರನೇ ವರ್ಷ. ಆರ್‌ಸಿ ಕರ್ನಲ್‌ಗಳನ್ನು ಓಡಿಸಿ ಕಲಿಯುವ ಆಸೆ. ಎಲ್ಲರೂ ಬೇಡ ಬೇಡ ಅಂದರೆ ಅವನ್ನು ಪರೀಕ್ಷೆ ಮಾಡುವವರು ಯಾರು? ನಮ್ಮ ಡಿಪಾರ್ಟ್‌ಮೆಂಟ್ ಸರ್ವರ್‌ನ ರೂಟ್ ಪಾಸ್‌ವರ್ಡ್ ನನ್ನ ಹತ್ತಿರ ಇದೆ, ಅದರಲ್ಲೇ ಹಾಕಲಾ?
(ವಿದ್ಯಾರ್ಥಿ, ಕಲಬುರಗಿ)

ಉತ್ತರ: ಆಸೆ ಒಳ್ಳೆಯದು ತಮ್ಮಾ, ಜಾಗ ತಪ್ಪು. ಆರ್‌ಸಿ ಓಡಿಸುವವರು ಬೇಕೇ ಬೇಕು. ಆ 5.12ರ ಸ್ವಾಪ್ ಬಗ್ ಅಂತಿಮ ಕರ್ನಲ್‌ಗೆ ಹೋಗದೇ ಆರ್‌ಸಿ1ರಲ್ಲೇ ಸಿಕ್ಕಿದ್ದು ಯಾರೋ ಓಡಿಸಿದ್ದಕ್ಕೇ. ನಿನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ವರ್ಚುವಲ್ ಮಷೀನ್ ಮಾಡಿಕೋ, ವಾರ ವಾರ ಬರುವ ಆರ್‌ಸಿಯನ್ನು ಅದರಲ್ಲಿ ಕಂಪೈಲ್ ಮಾಡು. ಏನಾದರೂ ಕೆಟ್ಟರೆ ‘ಗಿಟ್ ಬೈಸೆಕ್ಟ್’ ಕಲಿತುಕೋ. ಚೆನ್ನಾಗಿದ್ದ ಆವೃತ್ತಿ ಒಂದು, ಕೆಟ್ಟ ಆವೃತ್ತಿ ಒಂದು ಕೊಟ್ಟರೆ ಅದು ನಡುವಿನದನ್ನು ಕೊಡುತ್ತದೆ, ನೀನು ಓಡಿಸಿ ‘ಇದು ಸರಿ’, ‘ಇದು ಕೆಟ್ಟದ್ದು’ ಅಂತ ಹೇಳುತ್ತಾ ಹೋಗು. ಹತ್ತು ಸಾವಿರ ಬದಲಾವಣೆ ಇದ್ದರೂ ಹದಿನಾಲ್ಕು ಸಲದಲ್ಲಿ ಕೆಡಿಸಿದ ಬದಲಾವಣೆ ಯಾವುದು ಅಂತ ಸಿಗುತ್ತದೆ. ಆ ವಿವರ ಸಮೇತ ಬರೆದು ಕಳಿಸಿದರೆ ದೊಡ್ಡ ದೊಡ್ಡವರೇ ಉತ್ತರ ಬರೆಯುತ್ತಾರೆ, ನೀನು ಯಾವ ಕಾಲೇಜು ಅಂತ ಯಾರೂ ಕೇಳುವುದಿಲ್ಲ.

ಡಿಪಾರ್ಟ್‌ಮೆಂಟ್ ಸರ್ವರ್ ಪಾಸ್‌ವರ್ಡ್ ಇವತ್ತೇ ವಾಪಸ್ ಕೊಟ್ಟುಬಿಡು. ಇಂಟರ್ನಲ್ಸ್ ಮಾರ್ಕ್ಸ್ ಅದರಲ್ಲೇ ಇರುತ್ತದೆ.